ನಾಪೋಕ್ಲಿನ ಹುಲ್ಲು, ಬೆಂಗಳೂರಿನ ಟರ್ಫು

ಮಡಿಕೇರಿಯಿಂದ ಮೂರ್ನಾಡಿನ ಮೇಲೆ ನಾಪೋಕ್ಲಿಗೆ ಹೋಗುವ ರಸ್ತೆ ನೂರು ಮಾರು ನೇರವಾಗಿ ಸಾಗುವುದೇ ಅಪರೂಪ. ಒಂದು ತಿರುವಿಗೆ ಕಾಫಿ ತೋಟ, ಮುಂದಿನ ತಿರುವಿಗೆ ಕೊಯ್ಲು ಮುಗಿದ ಗದ್ದೆ, ಮರಗಳಿಗೆಲ್ಲ ಹಬ್ಬಿದ ಕಾಳುಮೆಣಸಿನ ಬಳ್ಳಿ. 2024ರ ಏಪ್ರಿಲ್ ತಿಂಗಳಲ್ಲಿ ನಾವು ಆ ದಾರಿ ಹಿಡಿದಾಗ ಇದೆಲ್ಲದರ ಜೊತೆಗೆ ಇನ್ನೂ ಒಂದು ನೋಟವಿತ್ತು. ರಸ್ತೆ ಬದಿಯಲ್ಲಿ ನಡೆಯುತ್ತಿದ್ದವರಲ್ಲಿ ಅರ್ಧ ಜನರ ಕೈಯಲ್ಲಿ ಹಾಕಿ ಸ್ಟಿಕ್! ಹೆಗಲ ಮೇಲಿಟ್ಟುಕೊಂಡ ಹುಡುಗರು, ಸ್ಕೂಟರಿನ ಹಿಂದೆ ಕೂತು ಎರಡು ಸ್ಟಿಕ್ ತಬ್ಬಿಕೊಂಡ ಹೆಂಗಸು, ಊರುಗೋಲಿನ ಹಾಗೆ ಅದನ್ನೇ ಊರಿಕೊಂಡು ಹೊರಟ ಯಜಮಾನರು.

ಅವರೆಲ್ಲ ಹೊರಟಿದ್ದದ್ದು ಕೊಡವ ಹಾಕಿ ನಮ್ಮೆಗೆ. ಕೊಡವ ಭಾಷೆಯಲ್ಲಿ ನಮ್ಮೆ ಎಂದರೆ ಹಬ್ಬ. ಹೆಸರಿಗಷ್ಟೇ ಹಬ್ಬವಲ್ಲ, ನಿಜವಾಗಿಯೂ ಹಬ್ಬವೇ. ಒಬ್ಬ ಮೂಲಪುರುಷನಿಂದ ಬಂದ ಕುಟುಂಬಕ್ಕೆ ಕೊಡಗಿನಲ್ಲಿ ಒಕ್ಕ ಎನ್ನುತ್ತಾರೆ. ಒಂದೊಂದು ಒಕ್ಕಕ್ಕೂ ಒಂದು ಮನೆತನದ ಹೆಸರು, ಒಂದು ಐನ್‌ಮನೆ. ಈ ಪಂದ್ಯಾವಳಿಯಲ್ಲಿ ಆಡುವುದು ಊರಿನ ತಂಡವಲ್ಲ, ಕ್ಲಬ್ಬಿನ ತಂಡವಲ್ಲ, ಒಕ್ಕದ ತಂಡ. ಅಪ್ಪ, ಮಗಳು, ಚಿಕ್ಕಪ್ಪ, ದೊಡ್ಡಪ್ಪನ ಮೊಮ್ಮಗ, ಎಲ್ಲರೂ ಒಂದೇ ಬಣ್ಣದ ಅಂಗಿ ಹಾಕಿಕೊಂಡು ಮೈದಾನಕ್ಕೆ ಇಳಿಯುತ್ತಾರೆ. ಗಂಡಸರ ತಂಡ, ಹೆಂಗಸರ ತಂಡ ಎಂಬ ಭೇದವಿಲ್ಲ. ವಯಸ್ಸಿನ ಮಿತಿಯೂ ಇಲ್ಲ.

ಇದನ್ನು ಶುರುಮಾಡಿದವರು ಪಾಂಡಂಡ ಕುಟ್ಟಪ್ಪ. 1997ರಲ್ಲಿ, ವಿರಾಜಪೇಟೆಯ ಬಳಿಯ ಕರಡ ಗ್ರಾಮದಲ್ಲಿ, 60 ಕುಟುಂಬಗಳ ತಂಡಗಳೊಂದಿಗೆ. ದೂರ ದೂರ ಚದುರಿಹೋದ ಕುಟುಂಬಗಳು ವರ್ಷಕ್ಕೊಮ್ಮೆ ಒಂದೆಡೆ ಸೇರಲಿ ಎಂಬುದು ಅವರ ಆಸೆ. ಅಂದಿನಿಂದ ಪ್ರತಿ ವರ್ಷ ಒಂದು ಒಕ್ಕ ಇದರ ಜವಾಬ್ದಾರಿ ಹೊರುತ್ತದೆ. ಕಪ್ಪಿಗೆ ಆ ಒಕ್ಕದ್ದೇ ಹೆಸರು. ನಾವು ಹೋದ ವರ್ಷ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕಪ್. ಆಡಿದ ತಂಡಗಳು 360. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್ಪಿನಲ್ಲಿ ಅದು 396ಕ್ಕೆ ಏರಿತು. ಗಿನ್ನೆಸ್ ಪುಸ್ತಕದವರೂ ಬಂದು ಲೆಕ್ಕ ಬರೆದುಕೊಂಡು ಹೋಗಿದ್ದಾರೆ.

ನಾನು ಮೈಸೂರಿನವನು, ಹಾಕಿ ನೋಡುವುದರಲ್ಲೇ ಆಯುಷ್ಯದ ಒಂದು ಭಾಗ ಕಳೆದವನು. ಆದರೆ ಈ ಬಾರಿ ಹೋದದ್ದು ಮೊಮ್ಮಗಳಿಗಾಗಿ. ಬೆಂಗಳೂರಿನಲ್ಲಿ ಎಂಟನೇ ತರಗತಿ ಓದುವ ಅವಳು ಮೂರು ವರ್ಷದಿಂದ ಹಾಕಿ ಕಲಿಯುತ್ತಿದ್ದಾಳೆ. ಕಲಿತದ್ದೆಲ್ಲ ಟರ್ಫ್ ಎಂಬ ಕೃತಕ ಹಾಸಿನ ಮೇಲೆ. ಹುಲ್ಲಿನ ಮೇಲೆ ಹಾಕಿ ಆಡುವುದನ್ನು ಅವಳು ಕಣ್ಣಾರೆ ಕಂಡೇ ಇರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜ ನೋಡಿದ ಹಾಕಿಯೇ ಬೇರೆ, ಮೊಮ್ಮಗಳು ಆಡುವ ಹಾಕಿಯೇ ಬೇರೆ. ಹೆಸರು ಮಾತ್ರ ಒಂದೇ.

ಚೆರಿಯಪರಂಬಿನ ಜನರಲ್ ತಿಮ್ಮಯ್ಯ ಕ್ರೀಡಾಂಗಣ ತಲುಪಿದಾಗ ಬೆಳಗಿನ ಹತ್ತು ಗಂಟೆ. ತಾತ್ಕಾಲಿಕವಾಗಿ ಕಟ್ಟಿದ ಗ್ಯಾಲರಿ, ಧ್ವನಿವರ್ಧಕದಲ್ಲಿ ಕೊಡವ ಭಾಷೆಯ ವೀಕ್ಷಕ ವಿವರಣೆ, ಒಂದು ಕಡೆಯಿಂದ ಕಡಂಬುಟ್ಟು ಬೇಯುವ ಹಬೆ. ಮೊಮ್ಮಗಳು ಸುತ್ತ ನೋಡಿ ಕೇಳಿದಳು:

“ಅಜ್ಜಾ, ಗ್ರೌಂಡ್ ಎಲ್ಲಿದೆ?”

“ಎದುರಿಗೇ ಇದೆಯಲ್ಲಮ್ಮ.”

“ಇದಾ! ಇದರ ಮೇಲೆ ಆಡ್ತಾರಾ?”

ಅವಳ ಆಶ್ಚರ್ಯ ಸಹಜವೇ. ಮುಂದಿದ್ದದ್ದು ಹುಲ್ಲು. ಗೋಲಿನ ಬಾಯಿಯಲ್ಲಿ, ನಡುಗೆರೆಯ ಹತ್ತಿರ ತುಳಿದು ತುಳಿದು ಹುಲ್ಲು ಸವೆದು ಕೆಂಪು ಮಣ್ಣು ಕಾಣುತ್ತಿತ್ತು. ಸುಣ್ಣದ ಗೆರೆಗಳು ಅಲ್ಲಲ್ಲಿ ಮಸುಕಾಗಿದ್ದವು. ಪಂದ್ಯ ಶುರುವಾದ ಎರಡನೇ ನಿಮಿಷಕ್ಕೆ ಅವಳ ಮುಂದಿನ ಪ್ರಶ್ನೆ: “ಚೆಂಡು ಯಾಕೆ ಹೀಗೆ ಕುಣಿಯುತ್ತೆ?”

ಉತ್ತರ ಕೊಟ್ಟವರು ನಾನಲ್ಲ, ಪಕ್ಕದಲ್ಲಿ ಕೂತಿದ್ದ ಹಿರಿಯರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು, ತಮ್ಮ ಪಲ್ಟನ್ನಿನ ತಂಡಕ್ಕೆ ಹತ್ತು ವರ್ಷ ಹಾಕಿ ಆಡಿದವರು. ಅವರ ಒಕ್ಕದ ಪಂದ್ಯ ಮಧ್ಯಾಹ್ನಕ್ಕಿತ್ತು. “ಚೆಂಡು ಕುಣಿಯೋದಲ್ಲ ಮಗಳೇ, ನೆಲ ಕುಣಿಸೋದು. ನಮ್ಮ ಕಾಲದಲ್ಲಿ ಎದುರಾಳಿಗಳು ಹನ್ನೊಂದು ಜನ ಅಲ್ಲ, ಹನ್ನೆರಡು. ನೆಲವೂ ಒಬ್ಬ ಎದುರಾಳಿ” ಎಂದು ನಕ್ಕರು.

ನೆಲವೇ ಆಟವನ್ನು ಮಾಡುತ್ತದೆ ಎಂಬ ಈ ಮಾತು ಹಾಕಿಯ ಹುಟ್ಟಿನಿಂದಲೂ ನಿಜ. ಇಂದಿನ ಹಾಕಿ ರೂಪುಗೊಂಡದ್ದು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ. ಲಂಡನ್ನಿನ ಬ್ಲ್ಯಾಕ್‌ಹೀತ್ ಎಂಬ ಕಡೆ ಒಂದು ಕ್ಲಬ್ಬಿತ್ತು. ಅಲ್ಲಿಯದು ಒರಟು ಬಯಲು. ಅವರು ಆಡುತ್ತಿದ್ದದ್ದು ಯಾವುದರಲ್ಲಿ ಗೊತ್ತೇ ಮಕ್ಕಳೇ? ಚೆಂಡಿನಲ್ಲಲ್ಲ, ಕಪ್ಪು ರಬ್ಬರಿನ ಒಂದು ಚೌಕದ ತುಂಡಿನಲ್ಲಿ! ಬೆಲ್ಲದ ಅಚ್ಚನ್ನು ಕೋಲಿನಲ್ಲಿ ಬಾರಿಸಿದ ಹಾಗೆ ಇದ್ದಿರಬೇಕು. ಅದೇ ಲಂಡನ್ನಿನ ಇನ್ನೊಂದು ಕಡೆ, ಟೆಡಿಂಗ್ಟನ್‌ನಲ್ಲಿ, ಕ್ರಿಕೆಟ್ ಆಡುವ ಹುಡುಗರು ಚಳಿಗಾಲದಲ್ಲಿ ಮೈ ಬಿಸಿಮಾಡಿಕೊಳ್ಳಲು ಹಾಕಿ ಹಿಡಿದರು. ಅವರದು ನುಣುಪಾಗಿ ಕತ್ತರಿಸಿದ ಕ್ರಿಕೆಟ್ ಮೈದಾನ. ಅಲ್ಲಿ ಚೌಕದ ತುಂಡು ಯಾಕೆ ಬೇಕು? ಕ್ರಿಕೆಟ್ ಚೆಂಡನ್ನೇ ಉರುಳಿಸಿದರು. ಕೊನೆಗೆ ಗೆದ್ದದ್ದು ಉರುಳುವ ಚೆಂಡು. 1886ರಲ್ಲಿ ಹಾಕಿ ಅಸೋಸಿಯೇಷನ್ ಹುಟ್ಟಿ ನಿಯಮಗಳು ಒಂದಾದವು. ಇಂದಿಗೂ ಹಾಕಿ ಚೆಂಡಿನ ತೂಕ ಹೆಚ್ಚುಕಡಿಮೆ ಕ್ರಿಕೆಟ್ ಚೆಂಡಿನಷ್ಟೇ.

ಬ್ರಿಟಿಷ್ ಸೈನಿಕರ ಜೊತೆ ಆಟ ಭಾರತಕ್ಕೆ ಬಂತು. ಕಲ್ಕತ್ತೆಯ ಬೈಟನ್ ಕಪ್ 1895ರಲ್ಲೇ ಆರಂಭವಾಯಿತು. ಇಲ್ಲಿ ನೆಲ ಮತ್ತೆ ಬದಲಾಯಿತು. ಇಂಗ್ಲೆಂಡಿನ ಒದ್ದೆ ಹುಲ್ಲಿನ ಮೇಲೆ ಚೆಂಡು ನಿಧಾನ. ನಮ್ಮ ಬಿಸಿಲಿಗೆ ಒಣಗಿದ ಗಟ್ಟಿ ನೆಲದ ಮೇಲೆ ಅದು ಚುರುಕು. ಇಂಗ್ಲಿಷರ ಸ್ಟಿಕ್ಕಿನ ತುದಿ ಉದ್ದವಾಗಿ, ದೋಣಿಯ ಹಾಗೆ ಚಾಚಿಕೊಂಡಿರುತ್ತಿತ್ತು. ಅದನ್ನು ಚೆಂಡಿನ ಮೇಲೆ ಥಟ್ಟನೆ ಮಗುಚಿ ಎಡಕ್ಕೆ ಬಲಕ್ಕೆ ಆಡಿಸುವುದು ಕಷ್ಟ. ನಮ್ಮಲ್ಲಿ ಹಿಪ್ಪುನೇರಳೆ ಮರದ ಕೋಲನ್ನು ಬಿಗಿಯಾಗಿ ಬಾಗಿಸಿ ಮೊಟಕು ತುದಿಯ ಸ್ಟಿಕ್ ಮಾಡಿದರು. ರೇಷ್ಮೆ ಹುಳು ಎಲೆ ತಿನ್ನುತ್ತದಲ್ಲ, ಅದೇ ಜಾತಿಯ ಮರ. ಆ ಸ್ಟಿಕ್ಕಿನಿಂದ ಹುಟ್ಟಿದ್ದೇ ನಮ್ಮವರ ಡ್ರಿಬ್ಲಿಂಗ್. ಆಮೇಲೆ ಇಡೀ ಲೋಕ ಮೊಟಕು ತುದಿಯ ಸ್ಟಿಕ್ ಹಿಡಿಯಿತು. ಆದ್ದರಿಂದ “ಮೂಲ ಹಾಕಿ ನಮ್ಮದು, ಅದನ್ನು ಬೇರೆಯವರು ಕೆಡಿಸಿದರು” ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಆಟವನ್ನು ಮೊದಲು ಬದಲಿಸಿದವರಲ್ಲಿ ನಾವೂ ಇದ್ದೇವೆ.

ಹಾಗೆ ಬದಲಿಸಿದ ಆಟದಿಂದಲೇ 1928ರಿಂದ 1956ರವರೆಗೆ ಸತತ ಆರು ಒಲಿಂಪಿಕ್ ಚಿನ್ನ ಬಂದವು. 1936ರ ಬರ್ಲಿನ್ ಫೈನಲ್ ಮಳೆಯಿಂದ ಮುಂದಕ್ಕೆ ಹೋಗಿ ಆಗಸ್ಟ್ 15ರಂದು ನಡೆಯಿತು. ಆ ದಿನಾಂಕ ಮುಂದೆ ನಮಗೆ ಏನಾಗಲಿದೆ ಎಂದು ಆಗ ಯಾರಿಗೆ ಗೊತ್ತಿತ್ತು! ಒದ್ದೆ ನೆಲದಲ್ಲಿ ಜಾರುತ್ತದೆಂದು ಧ್ಯಾನ್‌ಚಂದ್ ಬೂಟು ಕಳಚಿಟ್ಟು ಆಡಿದರಂತೆ. ಭಾರತ ಜರ್ಮನಿಯನ್ನು 8–1ರಿಂದ ಸೋಲಿಸಿತು.

ಸುಬೇದಾರರಿಗೆ ಈ ಕಥೆಗಳೆಲ್ಲ ಬಾಯಿಪಾಠ. ಆದರೆ ಮೊಮ್ಮಗಳಿಗೆ ಅವರು ಮೊದಲು ತೋರಿಸಿದ್ದು ಬುಲ್ಲಿ. ಈಗಿನ ಮಕ್ಕಳಿಗೆ ಈ ಹೆಸರು ಗೊತ್ತಿರಲಾರದು. ಮನೆಯಲ್ಲಿ ಹಾಕಿ ಆಡಿದ ಅಜ್ಜ ಇದ್ದರೆ ಕೇಳಿ ನೋಡಿ, ಅವರ ಮುಖ ಅರಳುತ್ತದೆ. ಆಗ ಪಂದ್ಯ ಶುರುವಾಗುತ್ತಿದ್ದದ್ದೇ ಹಾಗೆ. ಎರಡು ತಂಡದ ಸೆಂಟರ್ ಫಾರ್ವರ್ಡ್‌ಗಳು ಎದುರುಬದುರು ನಿಲ್ಲುವುದು, ನಡುವೆ ಚೆಂಡು. ಇಬ್ಬರೂ ಒಮ್ಮೆ ನೆಲಕ್ಕೆ ಕುಟ್ಟಿ, ಚೆಂಡಿನ ಮೇಲೆ ಒಮ್ಮೆ ಸ್ಟಿಕ್ಕಿಗೆ ಸ್ಟಿಕ್ ತಾಗಿಸುವುದು. ನೆಲ, ಸ್ಟಿಕ್; ನೆಲ, ಸ್ಟಿಕ್; ನೆಲ, ಸ್ಟಿಕ್. ಮೂರನೆಯದು ಮುಗಿಯುತ್ತಿದ್ದಂತೆ ಯಾರ ಕೈ ಚುರುಕೋ ಅವರಿಗೆ ಚೆಂಡು. ಸುಬೇದಾರರು ತಮ್ಮ ಊರುಗೋಲು ತೆಗೆದುಕೊಂಡರು, ಮೊಮ್ಮಗಳು ತನ್ನ ಸ್ಟಿಕ್ ಹಿಡಿದಳು, ನಡುವೆ ಚೆಂಡಿನ ಬದಲು ಅವರ ಕನ್ನಡಕದ ಡಬ್ಬಿ. ಮೂರು ಸಲವೂ ಡಬ್ಬಿ ಸುಬೇದಾರರ ಕಾಲ ಬಳಿಯೇ ಹೋಯಿತು. ಎಪ್ಪತ್ತು ದಾಟಿದ ಮಣಿಕಟ್ಟು! 1981ರಲ್ಲಿ ಪಂದ್ಯದ ಆರಂಭಕ್ಕೆ ಬುಲ್ಲಿ ಬೇಡವೆಂದಾಯಿತು. ಈಗ ನಡುವಿನಿಂದ ಸುಮ್ಮನೆ ಒಂದು ಪಾಸ್ ಕೊಟ್ಟು ಶುರು ಮಾಡುತ್ತಾರೆ. ಬುಲ್ಲಿ ಉಳಿದಿರುವುದು ಆಟ ನಡುವೆ ನಿಂತಾಗ, ಅದೂ ಅಪರೂಪಕ್ಕೆ.

ಇನ್ನು ಟರ್ಫಿನ ಕಥೆ. ಅದಕ್ಕೂ ಹಾಕಿಗೂ ಮೊದಲು ಸಂಬಂಧವೇ ಇರಲಿಲ್ಲ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ದೊಡ್ಡ ಕ್ರೀಡಾಂಗಣ ಕಟ್ಟಿದರು. ಮೇಲೆ ಪೂರ್ತಿ ಚಾವಣಿ, ಬೆಳಕು ಬರಲೆಂದು ಅದರಲ್ಲಿ ಪಾರದರ್ಶಕ ಹಲಗೆಗಳು, ಒಳಗೆ ನಿಜವಾದ ಹುಲ್ಲು. ಬೇಸ್‌ಬಾಲ್ ಆಟಗಾರರು ತಲೆ ಎತ್ತಿದರೆ ಚಾವಣಿಯ ಝಳಕ್ಕೆ ಚೆಂಡೇ ಕಾಣಿಸದು. ಸರಿ, ಚಾವಣಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು! ಬಿಸಿಲಿಲ್ಲದೆ ಹುಲ್ಲು ಬದುಕುವುದೆಂತು? ಒಂದಷ್ಟು ದಿನ ಒಣಗಿದ ಹುಲ್ಲಿಗೆ ಹಸಿರು ಬಣ್ಣ ಬಳಿದು ಆಡಿದರು. ಕೊನೆಗೆ 1966ರಲ್ಲಿ ಮೊನ್ಸಾಂಟೋ ಕಂಪನಿ ತಯಾರಿಸಿದ್ದ ಪ್ಲಾಸ್ಟಿಕ್ ಹುಲ್ಲಿನ ಹಾಸು ಹಾಸಿದರು. ಆಸ್ಟ್ರೋಡೋಮ್‌ನಲ್ಲಿ ಹಾಸಿದ್ದಕ್ಕೆ ಅದರ ಹೆಸರೇ ಆಸ್ಟ್ರೋಟರ್ಫ್ ಆಯಿತು.

ಹತ್ತು ವರ್ಷದ ನಂತರ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ, ಮೊದಲ ಬಾರಿಗೆ ಹಾಕಿಯನ್ನು ಇಂಥ ಹಾಸಿನ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೇ, 1975ರಲ್ಲಿ, ಭಾರತ ಕೌಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದಿತ್ತು. ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ 2–1. ಗೆಲುವಿನ ಗೋಲು ಧ್ಯಾನ್‌ಚಂದರ ಮಗ ಅಶೋಕ್ ಕುಮಾರ್ ಅವರದು. ಕೊಡಗಿನ ಸೋಮವಾರಪೇಟೆಯ ಬಿ.ಪಿ. ಗೋವಿಂದ ಆ ತಂಡದಲ್ಲೂ ಇದ್ದರು, ಮಾಂಟ್ರಿಯಲ್ ತಂಡದಲ್ಲೂ ಇದ್ದರು. ಮಾಂಟ್ರಿಯಲ್‌ನಲ್ಲಿ ಭಾರತಕ್ಕೆ ಏಳನೇ ಸ್ಥಾನ. 1928ರಿಂದ ಒಂದು ಒಲಿಂಪಿಕ್ಸ್‌ನಲ್ಲೂ ಬರಿಗೈಯಲ್ಲಿ ಬಂದಿರದ ತಂಡ ಬರಿಗೈಯಲ್ಲಿ ಮರಳಿತು. ಚಿನ್ನ ಹೋದದ್ದು ನ್ಯೂಜಿಲೆಂಡಿಗೆ.

ನನ್ನ ವಯಸ್ಸಿನವರ ಗುಂಪಿನಲ್ಲಿ ಈ ವಿಷಯ ಎತ್ತಿದರೆ ಒಬ್ಬರಾದರೂ ಹೇಳುತ್ತಾರೆ: “ನಮ್ಮನ್ನು ಸೋಲಿಸಲಿಕ್ಕೇ ಟರ್ಫ್ ತಂದರು.” ಸುಬೇದಾರರೂ ಅದನ್ನೇ ಹೇಳಿದರು. ನಾನು ಕೇಳಿದೆ: “ಹಾಗಾದರೆ ಪಾಕಿಸ್ತಾನದವರು ಮಾಂಟ್ರಿಯಲ್‌ನಲ್ಲಿ ಕಂಚು ಗೆದ್ದರಲ್ಲ? 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಚಿನ್ನವನ್ನೇ ಗೆದ್ದರಲ್ಲ? ಅವರ ಹುಡುಗರೂ ಹುಲ್ಲಿನ ಮೇಲೇ ಬೆಳೆದವರು.” ಸುಬೇದಾರರು ಸ್ವಲ್ಪ ಹೊತ್ತು ಮೈದಾನ ನೋಡುತ್ತಾ ಕೂತರು. “ಅದೂ ಹೌದೂಂತ ಇಟ್ಟುಕೊಳ್ಳಿ” ಎಂದರು. ಅಷ್ಟರಲ್ಲಿ ಒಂದು ಗೋಲು ಬಂತು, ನಮ್ಮ ವಾದ ಅಲ್ಲಿಗೆ ನಿಂತಿತು. ನಮಗೂ 1980ರಲ್ಲಿ ಮಾಸ್ಕೋದ ಟರ್ಫ್ ಮೇಲೆ ಚಿನ್ನ ಬಂದಿದೆ, ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಆ ಸಲ ಹಲವು ದೊಡ್ಡ ತಂಡಗಳು ಬಂದಿರಲಿಲ್ಲ ಎನ್ನುವುದೂ ನಿಜ. ಅದಾದ ಮೇಲೆ ಮುಂದಿನ ಪದಕ ಟೋಕಿಯೊದ ಕಂಚು. ಅದು ಬಂದದ್ದು 2021ರಲ್ಲಿ.

ಟರ್ಫ್ ಬಂದು ಆಟಕ್ಕೆ ಏನಾಯಿತು? ಮೊಮ್ಮಗಳ ಸ್ಟಿಕ್ ನೋಡಿದರೇ ಅರ್ಧ ಗೊತ್ತಾಗುತ್ತದೆ. ಅದು ಮರದ್ದಲ್ಲ, ಕಾರ್ಬನ್ ಮತ್ತು ಗಾಜಿನ ನಾರು ಸೇರಿಸಿ ಮಾಡಿದ್ದು. ಹೊಡೆತಕ್ಕೆ ಚೆಂಡು ಗುಂಡಿನಂತೆ ಹೋಗುತ್ತದೆ. ಟರ್ಫ್ ಮೇಲೆ ಚೆಂಡು ಪುಟಿಯುವುದಿಲ್ಲ, ಗೆರೆ ಎಳೆದ ಹಾಗೆ ಹರಿಯುತ್ತದೆ. ಆದ್ದರಿಂದ ಸ್ಟಿಕ್ಕನ್ನು ನೆಲಕ್ಕೆ ಉದ್ದಕ್ಕೆ ಮಲಗಿಸಿ ಚೆಂಡನ್ನು ತಡೆಯಬಹುದು. ಎಡಗಡೆ ಬಗ್ಗಿ, ಸ್ಟಿಕ್ ಮಗುಚಿ, ಅದರ ಅಂಚಿನಿಂದಲೇ ಗೋಲಿಗೆ ಬಾರಿಸಬಹುದು. ಹುಲ್ಲಿನ ಮೇಲೆ ಹಾಗೆ ಮಾಡಲು ಹೋದರೆ ಚೆಂಡಿನ ಬದಲು ಮಣ್ಣಿನ ಹೆಂಟೆ ಹಾರುತ್ತದೆ. ಹಿಂದೆ ಪೆನಾಲ್ಟಿ ಕಾರ್ನರ್ ಎಂದರೆ ಒಬ್ಬ ಆಟಗಾರ ಕುಕ್ಕರುಗಾಲಲ್ಲಿ ಕೂತು ಚೆಂಡನ್ನು ಕೈಯಲ್ಲೇ ತಡೆದು ನಿಲ್ಲಿಸುತ್ತಿದ್ದ, ಇನ್ನೊಬ್ಬ ಬಾರಿಸುತ್ತಿದ್ದ. ಏಕೆಂದರೆ ಉಬ್ಬುತಗ್ಗಿನ ನೆಲದಲ್ಲಿ ಸ್ಟಿಕ್ಕಿನಿಂದ ತಡೆಯುವುದನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಈಗ ಕೈ ತಾಗಿಸುವಂತಿಲ್ಲ. ಬಾರಿಸುವುದಕ್ಕಿಂತ ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡ ಹಾಗೆ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ಗೇ ಬೆಲೆ ಹೆಚ್ಚು.

ನೆಲ ವೇಗವಾದ ಮೇಲೆ ನಿಯಮಗಳೂ ವೇಗ ಹಿಡಿದವು. ಆಫ್‌ಸೈಡ್ 1990ರ ದಶಕದಲ್ಲಿ ಹೋಯಿತು. ಬದಲಿ ಆಟಗಾರರೇ ಇಲ್ಲದ ಕಾಲವೊಂದಿತ್ತು. ಈಗ ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಓಡಾಡಬಹುದು. ಫ್ರೀ ಹಿಟ್ ಸಿಕ್ಕರೆ ತಾನೇ ತಟ್ಟಿಕೊಂಡು ಓಡಬಹುದು. 35 ನಿಮಿಷದ ಎರಡು ಅವಧಿಗಳ ಬದಲು 15 ನಿಮಿಷದ ನಾಲ್ಕು. ಐವರು ಫಾರ್ವರ್ಡ್, ಮೂವರು ಹಾಫ್, ಇಬ್ಬರು ಬ್ಯಾಕ್ ಎಂಬ ನಮ್ಮ ಲೆಕ್ಕವನ್ನು ಮೊಮ್ಮಗಳಿಗೆ ಹೇಳಿದರೆ “ಅಷ್ಟು ಜನ ಫಾರ್ವರ್ಡಾ? ಗೋಲು ಕಾಯೋರು ಯಾರು?” ಎಂದು ನಗುತ್ತಾಳೆ. ಮೈದಾನದ ಅಳತೆ ಮಾತ್ರ ಬದಲಾಗಿಲ್ಲ: 91.4 ಮೀಟರ್ ಉದ್ದ, 55 ಮೀಟರ್ ಅಗಲ.

ಇದನ್ನೆಲ್ಲ ನಾನು ದುಃಖದಿಂದ ಹೇಳುತ್ತಿಲ್ಲ. ಒಳ್ಳೆಯ ಟರ್ಫ್ ಪಂದ್ಯ ನೋಡಲು ಕಣ್ಣಿಗೆ ಹಬ್ಬ. ಚೆಂಡು ಎಲ್ಲಿ ಪುಟಿದು ಮುಖಕ್ಕೆ ಬಡಿಯುತ್ತದೋ ಎಂಬ ಭಯವೂ ಕಡಿಮೆ. ನಮ್ಮ ಕಾಲದಲ್ಲಿ ಹಲ್ಲು ಕಳೆದುಕೊಂಡ ಹಾಕಿ ಆಟಗಾರರು ಊರಿಗಿಬ್ಬರಾದರೂ ಸಿಗುತ್ತಿದ್ದರು. ನನ್ನ ಚಿಂತೆ ಬೇರೆ. ಅದು ಗೊತ್ತಾದದ್ದು ಆ ದಿನ ಸಂಜೆ.

ನಾಲ್ಕು ಗಂಟೆಯ ಹೊತ್ತಿಗೆ ಮೈದಾನದ ಬದಿಯ ಖಾಲಿ ಜಾಗದಲ್ಲಿ ಹತ್ತು ಹನ್ನೆರಡು ಮಕ್ಕಳು ಚಪ್ಪಲಿಗಳನ್ನೇ ಗೋಲು ಮಾಡಿಕೊಂಡು ಆಡುತ್ತಿದ್ದರು. ಮೊಮ್ಮಗಳು ಸೇರಿಕೊಂಡಳು. ಮೊದಲ ಚೆಂಡು ಅವಳ ಕಡೆ ಬಂತು. ಅಭ್ಯಾಸಬಲದಿಂದ ಸ್ಟಿಕ್ ಮಲಗಿಸಿದಳು. ಚೆಂಡು ಒಂದು ಹುಲ್ಲಿನ ಬುಡಕ್ಕೆ ತಾಗಿ, ಸ್ಟಿಕ್ಕಿನ ಮೇಲಿಂದ ನೆಗೆದು ಹಿಂದೆ ಹೋಯಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಹೇಗೋ ಹಿಡಿದು ಎರಡು ಹೆಜ್ಜೆ ಓಡಿದಳು. ಒಂಬತ್ತು ವರ್ಷವೂ ತುಂಬಿರದ ಬರಿಗಾಲಿನ ಹುಡುಗನೊಬ್ಬ ಬಂದು ಕದ್ದುಕೊಂಡು ಹೋದ. ಅವನು ಸ್ಟಿಕ್ಕನ್ನು ನೆಟ್ಟಗೆ ಹಿಡಿಯುತ್ತಿದ್ದ. ಚೆಂಡು ಕೊನೆಯ ಸಲ ಪುಟಿಯುವವರೆಗೂ ಕಾದು, ಕೈ ಸಡಿಲಬಿಟ್ಟು, ಮೊಟ್ಟೆ ಹಿಡಿದ ಹಾಗೆ ಹಿಡಿಯುತ್ತಿದ್ದ. ಇದನ್ನು ಅವನಿಗೆ ಯಾವ ಕೋಚೂ ಹೇಳಿಕೊಟ್ಟಿರಲಾರರು. ನೆಲ ಹೇಳಿಕೊಟ್ಟದ್ದು.

ಅರ್ಧ ಗಂಟೆಯಲ್ಲಿ ಮೊಮ್ಮಗಳೂ ಕಾಯಲು ಕಲಿತಳು. ಮೈಯೆಲ್ಲ ಕೆಂಪು ಧೂಳು. ದಣಿದು ಕೂತಾಗ ಆ ಹುಡುಗ ಅವಳ ಸ್ಟಿಕ್ಕನ್ನು ತಿರುಗಿಸಿ ತಿರುಗಿಸಿ ನೋಡಿದ.

“ಅಕ್ಕಾ, ನೀವು ಟರ್ಫಲ್ಲಿ ಆಡೋದಾ?”

“ಹೂಂ.”

“ಅಲ್ಲಿ ಚೆಂಡು ಹಾರೋದೇ ಇಲ್ವಂತೆ?”

“ಇಲ್ಲ. ಸೀದಾ ಬರುತ್ತೆ. ಆದರೆ ತುಂಬಾ ಫಾಸ್ಟ್.”

“ನಂಗೆ ಮುಂದಿನ ವರ್ಷ ಸ್ಪೋರ್ಟ್ಸ್ ಹಾಸ್ಟೆಲ್ ಸೆಲೆಕ್ಷನ್‌ಗೆ ಹೋಗ್ಬೇಕು. ಅಲ್ಲಿ ಟರ್ಫಂತೆ” ಎಂದ ಹುಡುಗ. ಸ್ವಲ್ಪ ಹೊತ್ತು ಬಿಟ್ಟು, “ಅದರ ಮೇಲೆ ಕಾಲಿಟ್ಟೇ ಇಲ್ಲ ನಾನು” ಎಂದ.

ಮೊಮ್ಮಗಳು ಹುಲ್ಲಿನ ಮೇಲೆ ಎಡವಿದ್ದಕ್ಕೆ ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಅವಳಿಗೆ ಅದರಿಂದ ಏನೂ ನಷ್ಟವಿಲ್ಲ. ಆದರೆ ಆ ಹುಡುಗ ಆಯ್ಕೆಯ ದಿನ ಟರ್ಫ್ ಮೇಲೆ ಎಡವಿದರೆ? ಅವನ ಕೈಯಲ್ಲಿರುವ ವಿದ್ಯೆ ಹತ್ತು ನಿಮಿಷದಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಕೊಡಗಿನಲ್ಲಿ ಟರ್ಫ್ ಇಲ್ಲವೆಂದಲ್ಲ, ಪೊನ್ನಂಪೇಟೆಯಲ್ಲಿದೆ, ಕೂಡಿಗೆಯಲ್ಲಿದೆ. ಆದರೆ ನಾಪೋಕ್ಲಿನ ಹಳ್ಳಿಯ ಮಗು ಶಾಲೆ ಮುಗಿಸಿ ದಿನಾ ಅಲ್ಲಿಗೆ ಹೋಗಿ ಬರಲಾದೀತೇ? ಒಂದು ಟರ್ಫ್ ಹಾಸಲು ಕೋಟಿಗಟ್ಟಲೆ ರೂಪಾಯಿ ಬೇಕು, ಕೆಲವು ವರ್ಷಕ್ಕೆ ಸವೆದರೆ ಮತ್ತೆ ಹಾಸಬೇಕು. ಹುಲ್ಲಿನ ಹಾಕಿಗೆ ಬೇಕಾಗಿದ್ದದ್ದು ಶಾಲೆಯ ಮೈದಾನ, ಒಂದು ಬಾಗಿದ ಕೊಂಬೆ, ಒಂದು ಚೆಂಡು. ಹಾಗಾಗಿಯೇ ಅದು ಇಷ್ಟು ಸಣ್ಣ ಜಿಲ್ಲೆಯ ಮನೆ ಮನೆಗೆ ಹೊಕ್ಕಿತು. ಟರ್ಫ್ ಕೆಟ್ಟದ್ದೆಂದು ನಾನು ಹೇಳಲಾರೆ. ಟರ್ಫ್ ಬಂದಷ್ಟು ಬೇಗ ಅದರತ್ತ ಹೋಗುವ ದಾರಿ ಬರಲಿಲ್ಲ ಎಂದು ಹೇಳಬಲ್ಲೆ. ಆಯ್ಕೆಗೆ ಮುಂಚೆ ಹಳ್ಳಿಯ ಮಕ್ಕಳನ್ನು ಹದಿನೈದು ದಿನ ಟರ್ಫ್ ಮೇಲೆ ಆಡಲು ಬಿಟ್ಟು, ಆಮೇಲೆ ಆರಿಸಿದರೆ ಏನು ಕಷ್ಟ? ಸುಬೇದಾರರಿಗೆ ಹೀಗೆಂದೆ. “ಹದಿನೈದು ಬೇಡ, ಒಂದು ವಾರ ಸಾಕು ಇವನಿಗೆ” ಎಂದು ಹುಡುಗನ ತಲೆ ಸವರಿದರು. ಅವರದೇ ತಮ್ಮನ ಮೊಮ್ಮಗನಂತೆ!

ನೀರಿನ ಮಾತೂ ಅಲ್ಲೇ ಬಂತು. ದೊಡ್ಡ ಪಂದ್ಯಗಳ ಟರ್ಫಿಗೆ ಆಟಕ್ಕೆ ಮುಂಚೆ ನೀರು ಚಿಮ್ಮಿಸಿ ತೋಯಿಸುತ್ತಾರೆ. ಒದ್ದೆಯಾದರೆ ಪ್ಲಾಸ್ಟಿಕ್ ಎಳೆಗಳ ಮೇಲೆ ಚೆಂಡು ಜಾರಿ ಸಾಗುತ್ತದೆ, ಪುಟಿಯುವುದಿಲ್ಲ. ಬಿದ್ದವರ ಚರ್ಮವೂ ಉಜ್ಜಿ ಸುಲಿಯುವುದಿಲ್ಲ. ಬೆಂಗಳೂರಿನ ಶಾಂತಿನಗರದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನ ಹಾಕಿ ಕ್ರೀಡಾಂಗಣವಿದೆ. ಕೊಡಗಿನವರ ಹೆಸರು, ಬೆಂಗಳೂರಿನ ಟರ್ಫು. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ, ಭಾಗಮಂಡಲ ದಾಟಿ, ಇದೇ ನಾಪೋಕ್ಲಿನ ಪಕ್ಕದಲ್ಲಿ ಹರಿದು ಹೋಗುವ ನದಿ. ಮಳೆಗಾಲದಲ್ಲಿ ಉಕ್ಕಿದರೆ ಚೆರಿಯಪರಂಬಿನ ಕಡೆಯ ರಸ್ತೆಯ ಮೇಲೇ ಹರಿಯುತ್ತಾಳೆ. ಅದೇ ನೀರು ಬೆಂಗಳೂರಿನ ನಲ್ಲಿಗೆ. 2024ರ ಬೇಸಿಗೆಯಲ್ಲಿ ಆ ಊರಿನಲ್ಲಿ ಕುಡಿಯುವ ನೀರಿಗೇ ಪರದಾಟ. ಟ್ಯಾಂಕರ್ ಬಂದರೆ ಸಾಲು ನಿಲ್ಲುವ ಸ್ಥಿತಿ. ಮೊಮ್ಮಗಳು ಕಲಿಯುವ ಕಡೆ ಮಾರ್ಚ್ ತಿಂಗಳಿಡೀ ಟರ್ಫಿಗೆ ನೀರು ಬಿಟ್ಟಿರಲಿಲ್ಲ. ಒಣ ಟರ್ಫಿನ ಮೇಲೆ ಬಿದ್ದ ಗುರುತು ಅವಳ ಮೊಣಕಾಲಿನ ಮೇಲೆ ಇನ್ನೂ ಇತ್ತು. ನೀರು ಬೇಡದ ಟರ್ಫ್ ಮಾಡಬೇಕೆಂದು ಅಂತರರಾಷ್ಟ್ರೀಯ ಹಾಕಿ ಒಕ್ಕೂಟವೇ ಈಗ ಹೇಳುತ್ತಿದೆ. ಅದೇ ವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹಾಸಿದ್ದು ಹಿಂದಿನವುಗಳಿಗಿಂತ ಕಡಿಮೆ ನೀರು ಕುಡಿಯುವ ಹಾಸು. ಹಾಗೆಂದರೆ ನೆಲ ಇನ್ನೊಮ್ಮೆ ಬದಲಾಗಲಿದೆ, ಅದರ ಹಿಂದೆ ಆಟವೂ.

ಸಂಜೆಯ ಕೊನೆಯ ಪಂದ್ಯ ಸುಬೇದಾರರ ಒಕ್ಕದವರದ್ದಲ್ಲ. ಅವರದ್ದು ಮಧ್ಯಾಹ್ನವೇ ಮುಗಿದು, ಅವರು ಒಂದು ಗೋಲಿನಿಂದ ಸೋತಿದ್ದರು. ಅವರ ತಂಡದ ಗೋಲ್‌ಕೀಪರ್ ಕಾಲೇಜಿಗೆ ಹೋಗುವ ಹುಡುಗಿ. ಎದುರಾಳಿ ಕುಟುಂಬದ ಹಿರಿಯರು ತಾವಾಗಿ ಬಂದು ಅವಳ ಬೆನ್ನು ತಟ್ಟಿ ಹೋದದ್ದನ್ನು ಸುಬೇದಾರರು ನಮಗೆ ಎರಡು ಸಲ ಹೇಳಿದರು. ಭಾರತ ತಂಡಕ್ಕೆ ಆಡಿದವರೂ ಈ ನಮ್ಮೆಯಲ್ಲಿ ತಮ್ಮ ಒಕ್ಕದ ಅಂಗಿ ತೊಟ್ಟು ಇಳಿದದ್ದುಂಟು. ಪಕ್ಕದಲ್ಲಿ ಆಡುವವನು ವರ್ಷಕ್ಕೊಮ್ಮೆ ಮಾತ್ರ ಸ್ಟಿಕ್ ಹಿಡಿಯುವ ಚಿಕ್ಕಪ್ಪನಾಗಿರಬಹುದು. ಹುಲ್ಲಿನ ಮೇಲೆ ಇದು ಸಾಧ್ಯ. ಟರ್ಫಿನ ವೇಗದಲ್ಲಿ ಆ ಚಿಕ್ಕಪ್ಪನಿಗೆ ಚೆಂಡು ಮುಟ್ಟಲೂ ಸಿಗುತ್ತಿರಲಿಲ್ಲ.

ನಾವು ಹೊರಡಲು ಎದ್ದಾಗ ಒಂದು ಟ್ರ್ಯಾಕ್ಟರ್ ಮೈದಾನದೊಳಗೆ ಬಂತು, ಹಿಂದೆ ನೀರಿನ ಟ್ಯಾಂಕರ್. ಮಾರನೆಯ ದಿನದ ಪಂದ್ಯಕ್ಕೆ ಧೂಳು ಏಳದಿರಲೆಂದು ಗೋಲಿನ ಮುಂದಿನ ಬೋಳು ಮಣ್ಣಿಗೆ ನೀರು ಹಾಕುತ್ತಾ ಹೋಯಿತು. ಒದ್ದೆ ಮಣ್ಣಿನ ವಾಸನೆ ಎದ್ದಿತು.

“ಇಲ್ಲೂ ನೀರು ಹಾಕ್ತಾರಲ್ಲ ಅಜ್ಜಾ!” ಎಂದಳು ಮೊಮ್ಮಗಳು.

ಬರಿಗಾಲಿನ ಹುಡುಗ ಟ್ಯಾಂಕರಿನ ಹಿಂದೆ ಓಡುತ್ತಿದ್ದ. ಅವನ ಕೈಯಲ್ಲಿ ಅವಳ ಕಾರ್ಬನ್ ಸ್ಟಿಕ್ಕಿತ್ತು. ಮರದ್ದು ಇವಳ ಹೆಗಲ ಮೇಲಿತ್ತು. ಬದಲಾಯಿಸಿಕೊಂಡದ್ದು ಆ ಸಂಜೆಗೆ ಮಾತ್ರವೋ, ಪೂರ್ತಿಯಾಗಿಯೋ ಎಂದು ನಾನು ಕೇಳಿದೆ.

“ಸೆಲೆಕ್ಷನ್ ಆಗೋವರೆಗೆ” ಎಂದಳು.